ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ಲ್ಯಾಬ್ ನಡೆಸಲು ದುಡ್ಡು ಎಲ್ಲಿಂದ ತರುತ್ತೀರಿ?

ಎಲೆಚುಕ್ಕಿ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾನು ಮಲೆನಾಡು ಕಡೆಯ ಒಂದು ರಾಜ್ಯ ವಿಶ್ವವಿದ್ಯಾಲಯದಲ್ಲಿ ಸಸ್ಯಶಾಸ್ತ್ರದ ಅಸಿಸ್ಟೆಂಟ್ ಪ್ರೊಫೆಸರ್. ಕಾಯಂ ಹುದ್ದೆ, ಸೇರಿ ಜಾಸ್ತಿ ಸಮಯ ಆಗಿಲ್ಲ. ಶಿಲೀಂಧ್ರಗಳ ಮೇಲೆ ಕೆಲಸ ಮಾಡುತ್ತೇನೆ. ಸದ್ಯಕ್ಕೆ ಅಡಿಕೆಯ ಎಲೆಚುಕ್ಕಿ ರೋಗ.

ತೀರ್ಥಹಳ್ಳಿ, ಹೊಸನಗರ, ಶೃಂಗೇರಿ, ಕೊಪ್ಪದ ಕಡೆಯವರಿಗೆ ಇದು ಹೊಸ ವಿಷಯವಲ್ಲ. ಸೋಗೆಯ ತುಂಬ ಕಂದು ಚುಕ್ಕಿ, ಸುತ್ತ ಹಳದಿ ಅಂಚು, ಆಮೇಲೆ ಇಡೀ ಸೋಗೆ ಒಣಗುತ್ತದೆ. ಕಣ್ಣಿಗೆ ಎಲ್ಲ ಚುಕ್ಕಿಯೂ ಒಂದೇ ಥರ ಕಾಣುತ್ತದೆ. ಆದರೆ ಲ್ಯಾಬ್‌ನಲ್ಲಿ ಬೆಳೆಸಿ ನೋಡಿದರೆ ಒಂದು ತೋಟದಲ್ಲಿ ಕೊಲೆಟೋಟ್ರೈಕಮ್ ಅನ್ನುವ ಶಿಲೀಂಧ್ರ ಸಿಗುತ್ತದೆ, ಇನ್ನೊಂದರಲ್ಲಿ ಫಿಲ್ಲೋಸ್ಟಿಕ್ಟಾ, ಕೆಲವು ಕಡೆ ಎರಡೂ ಒಟ್ಟಿಗೆ. ಯಾವ ತೋಟದಲ್ಲಿ, ಯಾವ ತಿಂಗಳಲ್ಲಿ, ಯಾವುದು ಮೊದಲು ಬರುತ್ತದೆ ಅನ್ನುವುದು ಗೊತ್ತಾಗದೆ ಯಾವ ಔಷಧಿ ಯಾವಾಗ ಹೊಡೆಯಬೇಕು ಎಂದು ಹೇಳುವುದು ಕಷ್ಟ. ಬೆಳೆಗಾರರು ಬ್ಯಾಗಿನಲ್ಲಿ ಸೋಗೆ ಹಿಡಿದುಕೊಂಡು ನೇರವಾಗಿ ವಿಭಾಗಕ್ಕೇ ಬರುತ್ತಾರೆ. ಅವರಿಗೆ ಉತ್ತರ ಬೇಕು.

ಈ ಕೆಲಸಕ್ಕೆ ಕೋಟಿ ರೂಪಾಯಿ ಬೇಡ. ಶಿಲೀಂಧ್ರ ಬೆಳೆಸುವ ಮಾಧ್ಯಮವನ್ನು ನಾವೇ ಮಾಡಿಕೊಳ್ಳುತ್ತೇವೆ. ಲೀಟರಿಗೆ 200 ಗ್ರಾಂ ಆಲೂಗಡ್ಡೆ ಬೇಯಿಸಿ, ಸೋಸಿ, 20 ಗ್ರಾಂ ಡೆಕ್ಸ್ಟ್ರೋಸ್, 20 ಗ್ರಾಂ ಅಗರ್ (ಮಾಧ್ಯಮ ಗಟ್ಟಿಯಾಗಿಸುವ ಪುಡಿ) ಹಾಕಿ ಆಟೋಕ್ಲೇವ್ ಮಾಡಿದರೆ, ಅಂದರೆ ಒತ್ತಡದ ಹಬೆಯಲ್ಲಿ ಕ್ರಿಮಿ ಕೊಂದರೆ, ಆಯಿತು. ರೆಡಿಮೇಡ್ ಪುಡಿಗಿಂತ ಎಷ್ಟೋ ಅಗ್ಗ. ವಿದ್ಯಾರ್ಥಿಗಳು ಸಂತೆಯಿಂದ ಆಲೂಗಡ್ಡೆ ತರುತ್ತಾರೆ. ಆದರೆ ಅಗರ್ ಕೊಳ್ಳಲೇಬೇಕು. ಪ್ಲೇಟು, ಸ್ಪಿರಿಟ್, ಡಿಎನ್‌ಎ ಪರೀಕ್ಷೆಗೆ ಪ್ರೈಮರ್, ಬೆಂಗಳೂರಿಗೆ ಕಳಿಸುವ ಸೀಕ್ವೆನ್ಸಿಂಗ್, ತೋಟಕ್ಕೆ ಹೋಗಿಬರುವ ಪೆಟ್ರೋಲ್, ಎಲ್ಲಕ್ಕೂ ದುಡ್ಡು ಬೇಕು. ಆಟೋಕ್ಲೇವಿನ ಗ್ಯಾಸ್ಕೆಟ್ ಹೋದರೆ ಅದನ್ನು ಖರ್ಚಿನ ಯಾವ ಹೆಡ್‌ನಲ್ಲಿ ಬರೆಯಬೇಕು ಅನ್ನುವುದೇ ಇತ್ಯರ್ಥ ಆಗುವುದಿಲ್ಲ. ವಿಭಾಗಕ್ಕೆ ವರ್ಷಕ್ಕೆ ಸಿಗುವ ಹಣ ಎಂಎಸ್ಸಿ ಪ್ರಾಕ್ಟಿಕಲ್ಸ್‌ಗೇ ಮುಗಿದುಹೋಗುತ್ತದೆ.

ಇನ್ನೊಂದು ಕಡೆ ನೋಡಿ. ನಮ್ಮಲ್ಲಿ ಹಳೆಯ ಒಂದು ಪ್ರಾಜೆಕ್ಟ್‌ನಿಂದ ಬಂದ ಮೈನಸ್ 80 ಡಿಗ್ರಿ ಫ್ರೀಜರ್ ಇದೆ. ಲಕ್ಷಗಟ್ಟಲೆ ಬೆಲೆಯದ್ದು. ಪ್ರಾಜೆಕ್ಟ್ ಮುಗಿಯಿತು, ನಿರ್ವಹಣೆ ಒಪ್ಪಂದವೂ ಮುಗಿಯಿತು. ಕಂಪ್ರೆಸರ್ ಹೋದ ದಿನ ಒಳಗಿದ್ದ ಕಲ್ಚರ್‌ಗಳನ್ನೆಲ್ಲ (ಬೆಳೆಸಿಟ್ಟ ಶಿಲೀಂಧ್ರಗಳು) ಐಸ್ ಡಬ್ಬಿಗೆ ತುಂಬಿ ಪಕ್ಕದ ವಿಭಾಗಕ್ಕೆ ಹೊತ್ತುಕೊಂಡು ಹೋದೆವು. ರಿಪೇರಿ ಕಡತ ಈಗಲೂ ಓಡಾಡುತ್ತಿದೆ. ಮಷಿನ್ ಕೊಳ್ಳಲು ದುಡ್ಡು ಕೊಡುವವರು ಸಿಗುತ್ತಾರೆ, ಅದು ಓಡುತ್ತಾ ಇರಲು ಕೊಡುವವರು ಸಿಗುವುದಿಲ್ಲ. ನನಗೆ ಇದೇ ದೊಡ್ಡ ಚಿಂತೆ.

ನನ್ನ ಹತ್ತಿರ ನಾಲ್ಕು ಜನ ಪಿಎಚ್‌ಡಿ ಮಾಡುತ್ತಿದ್ದಾರೆ. ಒಬ್ಬರಿಗೆ ಜೆಆರ್‌ಎಫ್ (ರಾಷ್ಟ್ರೀಯ ಪರೀಕ್ಷೆ ಪಾಸಾದವರಿಗೆ ಕೇಂದ್ರ ಕೊಡುವ ಫೆಲೋಶಿಪ್), ತಿಂಗಳಿಗೆ 37,000. ಇನ್ನೊಬ್ಬರಿಗೆ ರಾಜ್ಯ ಸರ್ಕಾರದ ಇಲಾಖೆಯ ಫೆಲೋಶಿಪ್, ಅದಕ್ಕಿಂತ ತುಂಬಾ ಕಡಿಮೆ. ಉಳಿದ ಇಬ್ಬರಿಗೆ ಏನೂ ಇಲ್ಲ. ಅವರಲ್ಲಿ ಒಬ್ಬಳು ಬೆಳಿಗ್ಗೆ ಡಿಗ್ರಿ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯಾಗಿ ಪಾಠ ಮಾಡಿ ಮಧ್ಯಾಹ್ನ ಬಸ್ಸಿನಲ್ಲಿ ಲ್ಯಾಬಿಗೆ ಬರುತ್ತಾಳೆ. ನಾಲ್ವರದ್ದೂ ಕೆಲಸ ಒಂದೇ, ಶ್ರಮವೂ ಒಂದೇ.

ಹಾಗಾಗಿ ಅನುಭವ ಇರುವವರನ್ನು ಕೇಳುತ್ತಿದ್ದೇನೆ. ನನ್ನಂಥವರು ಮೊದಲ ಗ್ರಾಂಟ್‌ಗೆ ಎಲ್ಲಿ ಅರ್ಜಿ ಹಾಕಬೇಕು? ಒಂದು ಪ್ರಾಜೆಕ್ಟ್ ಮುಗಿದು ಇನ್ನೊಂದು ಬರುವವರೆಗೆ ಲ್ಯಾಬನ್ನು ಹೇಗೆ ಉಳಿಸಿಕೊಳ್ಳುತ್ತೀರಿ? ಮತ್ತೆ, ನಮ್ಮ ಕಡೆಯ ಬೆಳೆಗಾರರ ಸಹಕಾರಿ ಸಂಘದವರು "ನಾವೇ ಒಂದಿಷ್ಟು ದುಡ್ಡು ಹಾಕುತ್ತೇವೆ, ನೀವು ಕೆಲಸ ಮಾಡಿಕೊಡಿ" ಅನ್ನುತ್ತಿದ್ದಾರೆ. ಹಾಗೆ ತೆಗೆದುಕೊಳ್ಳಬಹುದಾ?

ಹಳೇಮೇಷ್ಟ್ರು

ನಿಮ್ಮ ಪ್ರಶ್ನೆ ಓದಿ ಸಂತೋಷವಾಯಿತು. ಹೆಚ್ಚಿನವರು "ಯಾವ ಮಷಿನ್ ಕೇಳಲಿ" ಎಂದು ಶುರು ಮಾಡುತ್ತಾರೆ. ನೀವು ಅಗರ್‌ನಿಂದ, ಗ್ಯಾಸ್ಕೆಟ್‌ನಿಂದ ಶುರು ಮಾಡಿದ್ದೀರಿ. ನಾನು ಪ್ರಾಣಿಶಾಸ್ತ್ರ ಕಲಿಸಿ ನಿವೃತ್ತಿಯಾದವನು. ನನ್ನ ಕೆಲಸ ಹಣ್ಣುನೊಣ, ಅಂದರೆ ಡ್ರೊಸೊಫಿಲಾ ಮೇಲೆ.

ನಿಮ್ಮ ಎರಡನೇ ಪ್ರಶ್ನೆಯೇ ನನಗೆ ಮುಖ್ಯ, ಅದಕ್ಕೆ ಅಲ್ಲಿಂದಲೇ ಹೇಳುತ್ತೇನೆ. ಮೈಸೂರು ವಿಶ್ವವಿದ್ಯಾಲಯದ ಪ್ರಾಣಿಶಾಸ್ತ್ರ ವಿಭಾಗದಲ್ಲಿ ಡ್ರೊಸೊಫಿಲಾ ಸ್ಟಾಕ್ ಸೆಂಟರ್ (ನೊಣದ ತಳಿಗಳನ್ನು ಕಾಪಾಡುವ ಕೇಂದ್ರ) ಇರುವುದು ಅನೇಕರಿಗೆ ಗೊತ್ತು. ಅಂಥ ಸೆಂಟರ್ ಉಳಿಯುವುದು ಹೇಗೆ ಗೊತ್ತಾ? ರವೆ, ಬೆಲ್ಲ, ಅಗರ್ ಬೇಯಿಸಿ, ಬೂಸ್ಟು ಹಿಡಿಯದಂತೆ ಒಂಚೂರು ಪ್ರೊಪಿಯಾನಿಕ್ ಆಸಿಡ್ ಹಾಕಿ, ಬಾಟಲಿಗೆ ತುಂಬಿ, ಹತ್ತಿ ಮುಚ್ಚಿ, ನೊಣಗಳನ್ನು ಹಳೇ ಬಾಟಲಿಯಿಂದ ಹೊಸದಕ್ಕೆ ತಟ್ಟಿ ಇಳಿಸಬೇಕು. ಕೆಲವು ವಾರಕ್ಕೊಮ್ಮೆ, ಪ್ರತಿಯೊಂದು ತಳಿಗೂ, ವರ್ಷಪೂರ್ತಿ. ದಸರಾ ರಜೆ ಇರಲಿ, ಗ್ರಾಂಟ್ ಮುಗಿದಿರಲಿ, ನೊಣಕ್ಕೆ ಅದು ಗೊತ್ತಾಗುವುದಿಲ್ಲ. ಎರಡು ಸಲ ಬಾಟಲಿ ಬದಲಿಸುವುದು ತಪ್ಪಿದರೆ ತಳಿ ಹೋಯಿತು. ದಶಕಗಳಿಂದ ಕಾಪಾಡಿದ ಮ್ಯುಟೆಂಟ್ (ಜೀನ್ ಬದಲಾದ) ತಳಿಯನ್ನು ಆಮೇಲೆ ಎಷ್ಟು ದುಡ್ಡು ಕೊಟ್ಟರೂ ತರಲು ಆಗುವುದಿಲ್ಲ. ಇದಕ್ಕೆ ಬೇಕಾದದ್ದು ರವೆ-ಬೆಲ್ಲದ ದುಡ್ಡು ಮತ್ತು ಕೈಯಲ್ಲಿ ಕೆಲಸ ಗೊತ್ತಿರುವ ಒಬ್ಬ ಮನುಷ್ಯ. ನಮ್ಮ ವಿಶ್ವವಿದ್ಯಾಲಯಗಳಲ್ಲಿ ಸಿಗದಿರುವುದು ಇದೇ ಎರಡು. ಲ್ಯಾಬ್ ಸಹಾಯಕರ ಹುದ್ದೆ ಖಾಲಿಯಾದರೆ ತುಂಬುವುದಿಲ್ಲ. ನನ್ನ ಕಾಲದಲ್ಲಿ ನೊಣಗಳನ್ನು ಉಳಿಸಿದ್ದು ಪ್ರೊಫೆಸರ್‌ಗಳಲ್ಲ, ವಿಭಾಗದ ಅಟೆಂಡರ್‌ಗಳು. ಇದನ್ನು ನಾನು ಮನಸಾರೆ ಹೇಳುತ್ತೇನೆ.

ಮೊದಲು ನಮಗೆಲ್ಲ ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗ) ಮೈನರ್, ಮೇಜರ್ ಪ್ರಾಜೆಕ್ಟ್‌ಗಳಿದ್ದವು. ಮೊತ್ತ ಸಣ್ಣದು, ಆದರೆ ಡಿಗ್ರಿ ಕಾಲೇಜಿನ ಮೇಷ್ಟ್ರಿಗೂ ಸಿಗುತ್ತಿತ್ತು. ಅದು ನಿಂತುಹೋದ ಮೇಲೆ ರಾಜ್ಯ ವಿಶ್ವವಿದ್ಯಾಲಯಗಳಲ್ಲಿ ಒಂದು ತಲೆಮಾರು ಹೊಸ ಅಧ್ಯಾಪಕರು ಬರಿಗೈಯಲ್ಲಿ ಶುರು ಮಾಡಬೇಕಾಯಿತು. ಭಾರತ ಸಂಶೋಧನೆಗೆ ಖರ್ಚು ಮಾಡುವುದು ಜಿಡಿಪಿಯ ಶೇ 0.64ರಷ್ಟು. ಅದರಲ್ಲಿ ದೊಡ್ಡ ಪಾಲು ಪರಮಾಣು, ಬಾಹ್ಯಾಕಾಶ, ರಕ್ಷಣೆ, ಕೃಷಿ ಇಲಾಖೆಗಳ ಸ್ವಂತ ಸಂಸ್ಥೆಗಳಿಗೆ ಹೋಗುತ್ತದೆ. ದೇಶದ ಬಹುಪಾಲು ವಿದ್ಯಾರ್ಥಿಗಳು ಇರುವುದು ಮಾತ್ರ ರಾಜ್ಯ ವಿಶ್ವವಿದ್ಯಾಲಯ ಮತ್ತು ಅದರ ಕಾಲೇಜುಗಳಲ್ಲಿ. ಇದು ನ್ಯಾಯವಲ್ಲ.

ಈಗ ನಿಮ್ಮ ಮೊದಲ ಪ್ರಶ್ನೆ. ವಿಜ್ಞಾನ ಸಂಶೋಧನೆಗೆ ದುಡ್ಡು ಕೊಡುತ್ತಿದ್ದ ಕೇಂದ್ರದ ಹಳೆಯ ಮಂಡಳಿ ಎಸ್‌ಇಆರ್‌ಬಿ ಈಗ ಎಎನ್‌ಆರ್‌ಎಫ್ (ಅನುಸಂಧಾನ್ ನ್ಯಾಷನಲ್ ರಿಸರ್ಚ್ ಫೌಂಡೇಶನ್) ಒಳಗೆ ಸೇರಿದೆ. 2023ರ ಕಾಯ್ದೆ. ಐದು ವರ್ಷಕ್ಕೆ 50,000 ಕೋಟಿ ಎಂದು ಹೇಳಿದ್ದಾರೆ. ಅದರಲ್ಲಿ ಕೇಂದ್ರ ಸರ್ಕಾರದ ಪಾಲು 14,000 ಕೋಟಿ, ಉಳಿದದ್ದು ಮುಖ್ಯವಾಗಿ ಉದ್ಯಮ, ದಾನಿಗಳಿಂದ ಬರಬೇಕು. ಈ ದೊಡ್ಡ ಅಂಕಿ ನೋಡಿ ದೊಡ್ಡದನ್ನೇ ಕೇಳಲು ಹೋಗಬೇಡಿ. ನಿಮಗೆ ಹೊಂದುವಂಥದ್ದು ಎರಡು. ಒಂದು ಶ್ಯೂರ್ (SURE) ಯೋಜನೆ, ರಾಜ್ಯ ವಿಶ್ವವಿದ್ಯಾಲಯ ಮತ್ತು ಕಾಲೇಜುಗಳವರಿಗೆಂದೇ ಎಸ್‌ಇಆರ್‌ಬಿ ಕಾಲದಲ್ಲಿ ಬಂದದ್ದು, ಮೂರು ವರ್ಷಕ್ಕೆ 30 ಲಕ್ಷದವರೆಗೆ. ಇಲ್ಲಿ ನೀವು ಐಐಟಿಯವರ ಜೊತೆ ಸ್ಪರ್ಧೆ ಮಾಡಬೇಕಾಗಿಲ್ಲ. ಎರಡನೆಯದು ಟೇರ್ (TARE). ನಿಮ್ಮ ಕೆಲಸ ಬಿಡದೆ, ವರ್ಷಕ್ಕೆ ಕನಿಷ್ಠ 90 ದಿನ ದೊಡ್ಡ ಸಂಸ್ಥೆಯೊಂದರ ಲ್ಯಾಬ್‌ನಲ್ಲಿ ಕೆಲಸ ಮಾಡಬಹುದು. ವರ್ಷಕ್ಕೆ 5 ಲಕ್ಷದ ಗ್ರಾಂಟ್, ಅದು ಎರಡು ಸಂಸ್ಥೆಗೂ ಹಂಚಿಕೆಯಾಗುತ್ತದೆ. ದುಡ್ಡಿಗಿಂತ ಅಲ್ಲಿ ಸಿಗುವ ಪರಿಚಯ, ಕಲಿಕೆ ದೊಡ್ಡದು. ಈಗ ಯಾವುದಕ್ಕೆ ಕರೆ ಇದೆ ಎಂದು ಎಎನ್‌ಆರ್‌ಎಫ್ ಪೋರ್ಟಲ್ ಆಗಾಗ ನೋಡುತ್ತಿರಿ. ಹೊಸದಾಗಿ ಸೇರಿದವರಿಗೆ ಯುಜಿಸಿ 2022ರಲ್ಲಿ ಡಿ.ಎಸ್. ಕೊಠಾರಿ ಹೆಸರಿನಲ್ಲಿ 10 ಲಕ್ಷದ ಗ್ರಾಂಟ್ ಶುರು ಮಾಡಿದೆ, ಅದಕ್ಕೂ ಕಣ್ಣಿಟ್ಟಿರಿ. ನಮ್ಮ ರಾಜ್ಯದ ವಿಜಿಎಸ್‌ಟಿಯನ್ನು (ವಿಷನ್ ಗ್ರೂಪ್ ಆನ್ ಸೈನ್ಸ್ ಅಂಡ್ ಟೆಕ್ನಾಲಜಿ) ಮರೆಯಬೇಡಿ. ವಿಭಾಗಕ್ಕೆ ಕೆ-ಫಿಸ್ಟ್, ಯುವ ಅಧ್ಯಾಪಕರಿಗೆ ಸೀಡ್ ಮನಿ ಎಂದು ಅವರಲ್ಲಿ ಬೇರೆ ಬೇರೆ ಗ್ರಾಂಟ್‌ಗಳಿವೆ.

ಮಷಿನ್ ವಿಷಯದಲ್ಲಿ ನನ್ನ ಅಭಿಪ್ರಾಯ ಗಟ್ಟಿ. ದಿನಾ ಬಳಸದ ಮಷಿನ್ ಕೊಳ್ಳಬೇಡಿ. ಐ-ಸ್ಟೆಮ್ ಪೋರ್ಟಲ್‌ನಲ್ಲಿ ದೇಶದ ಯಾವ ಸಂಸ್ಥೆಯಲ್ಲಿ ಯಾವ ಉಪಕರಣ ಇದೆ ಎಂದು ನೋಡಿ ಬುಕ್ ಮಾಡಬಹುದು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲೇ ಹೊರಗಿನವರಿಗೆ ಸ್ಯಾಂಪಲ್ ಮಾಡಿಕೊಡುವ ಉಪಕರಣ ಕೇಂದ್ರವಿದೆ. ಕೊಳ್ಳಲೇಬೇಕಾದರೆ, ಟೆಂಡರ್‌ನಲ್ಲೇ ಐದು ವರ್ಷದ ಪೂರ್ತಿ ವಾರಂಟಿಯನ್ನು ಬೆಲೆಯೊಳಗೆ ಸೇರಿಸಿ ಕೇಳಿ. ಪ್ರಾಜೆಕ್ಟ್ ಮೂರು ವರ್ಷಕ್ಕೆ ಮುಗಿಯುತ್ತದೆ, ಆಮೇಲೂ ಎರಡು ವರ್ಷ ನಿಮ್ಮ ಫ್ರೀಜರ್ ಕಡತ ಹಿಡಿದು ಓಡಾಡುವ ಪರಿಸ್ಥಿತಿ ಬರುವುದಿಲ್ಲ. ಅದೇ ಫ್ರೀಜರ್‌ಗೆ ಸ್ಟೆಬಿಲೈಸರ್, ಜನರೇಟರ್ ಲೈನ್ ಇದೆಯಾ ಅಂತಲೂ ನೋಡಿ. ಮಳೆಗಾಲದಲ್ಲಿ ನಿಮ್ಮ ಕಡೆ ಕರೆಂಟಿನ ಕಥೆ ನನಗೆ ಗೊತ್ತು.

ಮತ್ತೆ, ಫೆಲೋಶಿಪ್ ಇಲ್ಲದ ಆ ಇಬ್ಬರು ಎಂಎಸ್ಸಿಯಲ್ಲಿ ಮೊದಲ ರ‍್ಯಾಂಕ್ ಪಡೆದವರಾ? ಹಾಗಿದ್ದರೆ ಕೇಂದ್ರದ ಇನ್‌ಸ್ಪೈರ್ ಫೆಲೋಶಿಪ್ ನಿಯಮ ಓದಿ. ಇಲ್ಲದಿದ್ದರೆ ಕೆಸ್ಟೆಪ್ಸ್ (ಕರ್ನಾಟಕ ವಿಜ್ಞಾನ ಮತ್ತು ತಂತ್ರಜ್ಞಾನ ಪ್ರಚಾರ ಸೊಸೈಟಿ) ಕೊಡುವ ರಾಜ್ಯದ ಪಿಎಚ್‌ಡಿ ಫೆಲೋಶಿಪ್ ನೋಡಿ. ಎರಡಕ್ಕೂ ವಯಸ್ಸು, ನೋಂದಣಿ ದಿನಾಂಕದ ನಿಯಮ ಇರುತ್ತದೆ, ತಡ ಮಾಡಬೇಡಿ.

ಶಾಸನದ ದಾರಿ

ಮೇಷ್ಟ್ರು ಹೇಳಿದ್ದೆಲ್ಲ ಸರಿ. ಆದರೆ ಇದರಲ್ಲಿ ಒಂದೂ ನಮಗೆ ಅನ್ವಯಿಸುವುದಿಲ್ಲ. ಸಂಶೋಧನೆ ಅಂದ ಕೂಡಲೇ ಎಲ್ಲರೂ ಲ್ಯಾಬ್ ಬಗ್ಗೆಯೇ ಮಾತಾಡುತ್ತಾರೆ, ಆದ್ದರಿಂದ ನಮ್ಮ ಕಡೆಯದ್ದನ್ನೂ ಇಲ್ಲಿ ಬರೆಯುತ್ತೇನೆ. ನಾನು ಪ್ರಾಚೀನ ಇತಿಹಾಸದಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ, ವಿಷಯ ಶಾಸನಗಳು.

ನಮ್ಮ ಶಾಸನಗಳ ಸಂಗ್ರಹವಾದ ಎಪಿಗ್ರಾಫಿಯಾ ಕರ್ನಾಟಿಕದ ಮೊದಲ ಸಂಪುಟ ಬಂದದ್ದು 1886ರಲ್ಲಿ, ಕೊಡಗಿನ ಶಾಸನಗಳದ್ದು. ಮೈಸೂರು ಸರ್ಕಾರ ಆ ಕೆಲಸಕ್ಕೆ ವರ್ಷಗಟ್ಟಲೆ ದುಡ್ಡು, ಜನ, ಅಚ್ಚುಕೂಟ ಎಲ್ಲ ಕೊಟ್ಟಿತು. ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಕೌಟಿಲ್ಯನ ಅರ್ಥಶಾಸ್ತ್ರದ ಓಲೆಗರಿ ಗುರುತಿಸಿ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಪ್ರಕಟಿಸಿದ್ದೂ ಸರ್ಕಾರಿ ಸಂಬಳದ ಕೆಲಸದಿಂದಲೇ. 1972ರಿಂದ ಎಪಿಗ್ರಾಫಿಯಾದ ಪರಿಷ್ಕೃತ ಸಂಪುಟಗಳನ್ನು ತಂದದ್ದು ಮೈಸೂರು ವಿಶ್ವವಿದ್ಯಾಲಯದ ಕನ್ನಡ ಅಧ್ಯಯನ ಸಂಸ್ಥೆ. ಇವತ್ತು ಕರ್ನಾಟಕದ ಇತಿಹಾಸ ಬರೆಯುವ ಯಾರೂ ಆ ಸಂಪುಟಗಳನ್ನು ಬಿಟ್ಟು ಒಂದು ಪುಟ ಬರೆಯಲು ಆಗುವುದಿಲ್ಲ. ಇದಕ್ಕೆ "ಏನು ಉಪಯೋಗ" ಎಂದು ಆಗ ಯಾರೂ ಕೇಳಲಿಲ್ಲ.

ನಮಗೆ ಬೇಕಾದದ್ದು ಎಷ್ಟು ಅಂದರೆ, ಬಸ್ ಚಾರ್ಜು, ಒಂದು ಹೊತ್ತಿನ ಊಟ, ಅಚ್ಚು ತೆಗೆಯುವ ಕಾಗದ, ಮಸಿ, ಬ್ರಷ್. ಕಲ್ಲನ್ನು ಉಜ್ಜಿ ತೊಳೆದು, ಒದ್ದೆ ಕಾಗದ ಹಚ್ಚಿ, ಬ್ರಷ್‌ನಿಂದ ಬಡಿದು ಅಕ್ಷರದ ಗುಳಿಯೊಳಗೆ ಕಾಗದ ಇಳಿಸಿ, ಅರ್ಧ ಒಣಗಿದಾಗ ಮಸಿ ಒತ್ತಬೇಕು. ಗಾಳಿ ಬಂದರೆ ಕಾಗದ ಹರಿಯುತ್ತದೆ, ಮತ್ತೆ ಮೊದಲಿನಿಂದ. ಒಬ್ಬರಿಂದ ಆಗುವ ಕೆಲಸ ಅಲ್ಲ. ಊರಿನವರೊಬ್ಬರು ಬಂದು ಮುಳ್ಳು ಸವರಿ ಕೊಟ್ಟರೆ ಅವರಿಗೂ ಏನಾದರೂ ಕೊಡಬೇಕಲ್ವಾ. ಅದಕ್ಕೆ ರಸೀದಿ ಎಲ್ಲಿಂದ ತರುವುದು?

ಜೆಆರ್‌ಎಫ್ ಸಿಗದಿದ್ದರೆ ನಮಗೆ ಇರುವುದು ಐಸಿಎಸ್‌ಎಸ್‌ಆರ್ (ಸಮಾಜ ವಿಜ್ಞಾನ ಸಂಶೋಧನಾ ಮಂಡಳಿ) ಡಾಕ್ಟರಲ್ ಫೆಲೋಶಿಪ್, ತಿಂಗಳಿಗೆ 20,000, ಮತ್ತೆ ಐಸಿಎಚ್‌ಆರ್‌ನದ್ದು (ಇತಿಹಾಸ ಸಂಶೋಧನಾ ಮಂಡಳಿ). ದೇಶಕ್ಕೆಲ್ಲ ಕೆಲವೇ ಕೆಲವು. ನಮ್ಮ ವಿಶ್ವವಿದ್ಯಾಲಯದಲ್ಲಿ ಪರಿಶಿಷ್ಟ ಜಾತಿ, ಪಂಗಡದ ಸಂಶೋಧಕರಿಗೆ ಬರಬೇಕಾದ ಮಾಸಿಕ ಸಹಾಯಧನ ತಿಂಗಳುಗಟ್ಟಲೆ ಬಾಕಿ ನಿಂತು, ಹಾಸ್ಟೆಲ್ ಮೆಸ್ ಬಿಲ್ ಕಟ್ಟಲಾಗದೆ ಗೆಳೆಯರು ಊರಿಗೆ ಹೋದದ್ದನ್ನು ನಾನು ನೋಡಿದ್ದೇನೆ. ಅವರಲ್ಲಿ ಒಬ್ಬ ವಾಪಸ್ ಬರಲೇ ಇಲ್ಲ. ಅವನು ಓದುತ್ತಿದ್ದ ವೀರಗಲ್ಲುಗಳನ್ನು ಈಗ ಯಾರೂ ಓದುತ್ತಿಲ್ಲ. ದೊಡ್ಡ ಯೋಜನೆ ಘೋಷಣೆ ಮಾಡುವ ಮೊದಲು, ಮಂಜೂರಾದ ಫೆಲೋಶಿಪ್ಪನ್ನು ಪ್ರತಿ ತಿಂಗಳು ಇಂಥ ತಾರೀಕಿಗೆ ಹಾಕಿ. ನನ್ನ ಕೇಳಿಕೆ ಅಷ್ಟೇ.

ಒಂದು ಒಳ್ಳೆಯ ಸುದ್ದಿಯೂ ಇದೆ. 2025ರ ಜನವರಿಯಿಂದ ಒನ್ ನೇಷನ್ ಒನ್ ಸಬ್‌ಸ್ಕ್ರಿಪ್ಷನ್ (ಕೇಂದ್ರವೇ ಜರ್ನಲ್‌ಗಳ ಚಂದಾ ಕಟ್ಟುವ ಯೋಜನೆ) ಬಂದ ಮೇಲೆ ಸುಮಾರು 13,000 ಜರ್ನಲ್‌ಗಳು ರಾಜ್ಯ ವಿಶ್ವವಿದ್ಯಾಲಯಗಳಿಗೂ ತೆರೆದಿವೆ. ಮೊದಲು ಒಂದು ಲೇಖನಕ್ಕೆ ದೆಹಲಿಯ ಗೆಳೆಯರಿಗೆ ಮೆಸೇಜ್ ಹಾಕಿ ಕಾಯಬೇಕಿತ್ತು. ಈಗ ನಮ್ಮ ಲೈಬ್ರರಿಯಲ್ಲೇ ಕೂತು ತೆಗೆಯುತ್ತೇನೆ. ಸರ್ಕಾರ ಮನಸ್ಸು ಮಾಡಿದರೆ ಎಲ್ಲರಿಗೂ ಸಮನಾಗಿ ಕೊಡಬಹುದು ಅನ್ನುವುದಕ್ಕೆ ಇದು ಸಾಕ್ಷಿ.

ಲೆಕ್ಕಪತ್ರ

ನಾನು ಒಂದು ವಿಶ್ವವಿದ್ಯಾಲಯದ ಹಣಕಾಸು ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ಪ್ರಾಜೆಕ್ಟ್ ಸೆಕ್ಷನ್. "ಕಡತ ಓಡಾಡುತ್ತಿದೆ" ಎಂದು ನೀವು ಬರೆದದ್ದು ನಮ್ಮ ಮೇಜಿನ ಬಗ್ಗೆಯೇ. ಆದ್ದರಿಂದ ಈ ಕಡೆಯಿಂದ ಹೇಗೆ ಕಾಣುತ್ತದೆ ಎಂದು ಹೇಳುತ್ತೇನೆ.

ಮೊದಲು ವಿಶ್ವವಿದ್ಯಾಲಯದ ಹತ್ತಿರ ದುಡ್ಡು ಯಾಕಿಲ್ಲ ಅನ್ನುವುದು. ಸರ್ಕಾರ ಕಾಯಂ ಸಿಬ್ಬಂದಿಯ ಸಂಬಳ ಕೊಡುತ್ತದೆ. ಮಿಕ್ಕ ಖರ್ಚು ಬಹುತೇಕ ನಡೆಯುವುದು ಪರೀಕ್ಷಾ ಶುಲ್ಕ, ಕಾಲೇಜುಗಳ ಸಂಯೋಜನೆ ಶುಲ್ಕದಿಂದ. ಹೊಸ ಜಿಲ್ಲಾ ವಿಶ್ವವಿದ್ಯಾಲಯಗಳು ಆದ ಮೇಲೆ ಹಳೆಯವರ ಕಾಲೇಜುಗಳು ಅಲ್ಲಿಗೆ ಹೋದವು. ಮೈಸೂರಿನಿಂದ ಮಂಡ್ಯ, ಹಾಸನ, ಚಾಮರಾಜನಗರ ಹೋದವು, ಮಂಗಳೂರಿನಿಂದ ಕೊಡಗು ಹೋಯಿತು. ಆದಾಯ ಕಡಿಮೆಯಾಯಿತು, ನಿವೃತ್ತರ ಪಿಂಚಣಿ ಹೊರೆ ಹಾಗೇ ಉಳಿಯಿತು. ಹೀಗಾದಾಗ ಬಜೆಟ್‌ನಲ್ಲಿ ಮೊದಲು ಕತ್ತರಿ ಬೀಳುವುದು ಸಂಶೋಧನೆ ಸಾಲಿಗೆ. ಅದನ್ನು ನೋಡಿ ನಮಗೂ ಬೇಸರ ಆಗುತ್ತದೆ.

ಇನ್ನು ನೀವು ಪ್ರಪೋಸಲ್ ಬರೆಯುವಾಗ ಗಮನಿಸಬೇಕಾದದ್ದು. ಉಪಕರಣದ ಕೊಟೇಶನ್‌ನಲ್ಲಿ ಜಿಎಸ್‌ಟಿಯನ್ನು ಪೂರ್ತಿ ದರದಲ್ಲೇ (ಹೆಚ್ಚಿನ ಉಪಕರಣಗಳಿಗೆ ಶೇ 18) ಸೇರಿಸಿ. ಸಂಶೋಧನಾ ಸಂಸ್ಥೆಗಳಿಗೆ ಇದ್ದ ಶೇ 5ರ ರಿಯಾಯಿತಿ 2022ರ ಜುಲೈನಲ್ಲಿ ಹೋಯಿತು. ಹಳೆಯ ಪ್ರಪೋಸಲ್ ನೋಡಿ ಕಾಪಿ ಮಾಡಿದವರು ಮಂಜೂರಾದ ಮೇಲೆ ಸಾಲದೆ ಒದ್ದಾಡುತ್ತಾರೆ. ಮೂಲಬೆಲೆಗೆ ಮಾತ್ರ ದುಡ್ಡು ಬಂದಿರುತ್ತದೆ. ರಿಪೇರಿ, ಬಿಡಿಭಾಗಗಳನ್ನು ಕನ್ಸ್ಯೂಮೆಬಲ್ಸ್ ಅಥವಾ ಕಂಟಿಂಜೆನ್ಸಿ ವಿವರಣೆಯಲ್ಲಿ ಮೊದಲೇ ಹೆಸರು ಹಾಕಿ ಬರೆಯಿರಿ. "ಆಟೋಕ್ಲೇವ್ ಬಿಡಿಭಾಗ" ಎಂದು ಮಂಜೂರಾತಿ ದಾಖಲೆಯಲ್ಲಿ ಒಂದು ಸಾಲಿದ್ದರೆ ನಾನು ಒಂದೇ ದಿನದಲ್ಲಿ ಬಿಲ್ ಪಾಸ್ ಮಾಡಬಹುದು. ಇಲ್ಲದಿದ್ದರೆ ನನಗೆ ಅಧಿಕಾರವೇ ಇಲ್ಲ, ಆಡಿಟ್‌ನಲ್ಲಿ ನಿಮ್ಮಿಂದಲೇ ವಸೂಲಿ ಮಾಡಿ ಅನ್ನುತ್ತಾರೆ.

ಈಗ ಅನೇಕ ಕೇಂದ್ರ ಯೋಜನೆಗಳಲ್ಲಿ ದುಡ್ಡು ನಮ್ಮ ಖಾತೆಗೆ ಬಂದು ಕೂರುವುದಿಲ್ಲ. ಖರ್ಚಿನ ಮಿತಿ ಕೊಡುತ್ತಾರೆ, ಮಾರ್ಚ್ 31ರೊಳಗೆ ಬಳಸದ ಮಿತಿ ಹೋಗುತ್ತದೆ. ಹಾಗಾಗಿ ಇಂಡೆಂಟ್ (ಖರೀದಿ ಬೇಡಿಕೆ ಪತ್ರ) ಫೆಬ್ರವರಿಯಲ್ಲಿ ತಂದರೆ ಕಷ್ಟ, ಅಕ್ಟೋಬರ್‌ನಲ್ಲಿ ತನ್ನಿ. ವರ್ಷ ಮುಗಿದ ತಕ್ಷಣ ಜಿಎಫ್‌ಆರ್ 12-ಎ ನಮೂನೆಯಲ್ಲಿ ಯುಟಿಲೈಸೇಶನ್ ಸರ್ಟಿಫಿಕೇಟ್ (ಹಣ ಬಳಸಿದ್ದಕ್ಕೆ ಪ್ರಮಾಣಪತ್ರ) ಕಳಿಸಿ. ಮುಂದಿನ ಕಂತು ತಡವಾಗುವುದು ಮುಕ್ಕಾಲುಪಾಲು ಇದಕ್ಕೇ. ಪ್ರಾಜೆಕ್ಟ್ ಹುಡುಗರ ಸಂಬಳ ನಿಲ್ಲುವುದೂ ಇದಕ್ಕೇ.

ಸಹಕಾರಿ ಸಂಘದ ದುಡ್ಡು ತೆಗೆದುಕೊಳ್ಳಬಹುದಾ ಅಂದರೆ, ಖಂಡಿತ ಬಹುದು. ಆದರೆ ನಿಮ್ಮ ಸ್ವಂತ ಹೆಸರಿಗೆ ಬೇಡ. ಒಪ್ಪಂದ ಮಾಡಿಕೊಂಡು, ಸಿಂಡಿಕೇಟ್ (ವಿಶ್ವವಿದ್ಯಾಲಯದ ಆಡಳಿತ ಮಂಡಳಿ) ಗಮನಕ್ಕೆ ತಂದು, ಹಣಕಾಸು ಅಧಿಕಾರಿಯ ಹೆಸರಿನ ಪ್ರಾಜೆಕ್ಟ್ ಖಾತೆಗೆ ಹಾಕಿಸಿ. ಒಪ್ಪಂದದಲ್ಲಿ "ಸಂಶೋಧನಾ ಗ್ರಾಂಟ್" ಎಂದೇ ಸ್ಪಷ್ಟವಾಗಿ ಬರೆಯಿರಿ. 2024ರ ಸೆಪ್ಟೆಂಬರ್‌ನಲ್ಲಿ ಜಿಎಸ್‌ಟಿ ಮಂಡಳಿ ವಿಶ್ವವಿದ್ಯಾಲಯಗಳಿಗೆ ಬರುವ ಸಂಶೋಧನಾ ಗ್ರಾಂಟ್‌ಗೆ ವಿನಾಯಿತಿ ಕೊಟ್ಟಿತು. ಸರ್ಕಾರಿ, ಖಾಸಗಿ ಎರಡಕ್ಕೂ. ಕನ್ಸಲ್ಟೆನ್ಸಿ ಎಂದು ಬರೆದರೆ ತೆರಿಗೆ ಬೀಳುತ್ತದೆ.

ಕಂಪನಿಗಳ ಸಿಎಸ್‌ಆರ್ (ಸಾಮಾಜಿಕ ಹೊಣೆಗಾರಿಕೆ ಹಣ) ದಾರಿಯೂ ಇದೆ. ಕಂಪನಿ ಕಾಯ್ದೆಯ ಏಳನೇ ಅನುಸೂಚಿಗೆ 2019ರಲ್ಲಿ ತಿದ್ದುಪಡಿ ತಂದು, ಸರ್ಕಾರಿ ಹಣದಿಂದ ನಡೆಯುವ ವಿಶ್ವವಿದ್ಯಾಲಯಗಳ ವಿಜ್ಞಾನ, ತಂತ್ರಜ್ಞಾನ, ಎಂಜಿನಿಯರಿಂಗ್, ವೈದ್ಯಕೀಯ ಸಂಶೋಧನೆಗೂ ಕೊಡಬಹುದು ಎಂದು ಸೇರಿಸಿದರು. ಶಾಸನದ ದಾರಿ ಅವರೇ, ನಿಮ್ಮ ವಿಷಯ ಆ ಪಟ್ಟಿಯಲ್ಲಿಲ್ಲ. ಆದರೆ ಪರಂಪರೆ, ಕಲೆ, ಸಂಸ್ಕೃತಿಯ ರಕ್ಷಣೆ ಅದೇ ಅನುಸೂಚಿಯಲ್ಲಿ ಬೇರೆ ಸಾಲಿನಲ್ಲಿದೆ. ಶಾಸನಗಳ ದಾಖಲೀಕರಣ, ರಕ್ಷಣೆ ಎಂದು ಅಲ್ಲಿಂದ ಕೇಳಿ ನೋಡಿ.

ಎಲೆಚುಕ್ಕಿ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮೇಷ್ಟ್ರೇ, ಅಟೆಂಡರ್‌ಗಳ ಬಗ್ಗೆ ನೀವು ಬರೆದದ್ದನ್ನು ನಮ್ಮ ವಿಭಾಗದಲ್ಲಿ ಓದಿ ಹೇಳಿದೆ. ನಮ್ಮಲ್ಲೂ ಒಬ್ಬರಿದ್ದಾರೆ, ಆಟೋಕ್ಲೇವ್ ಶಬ್ದ ಕೇಳಿಯೇ ಏನು ಹೋಗಿದೆ ಎಂದು ಹೇಳುತ್ತಾರೆ. ಬರುವ ವರ್ಷ ನಿವೃತ್ತಿ. ಅವರ ಜಾಗಕ್ಕೆ ಯಾರೂ ಇಲ್ಲ.

ಶಾಸನದ ದಾರಿ ಅವರೇ, ಫೆಲೋಶಿಪ್ ವಿಷಯದಲ್ಲಿ ನನ್ನದೂ ಅದೇ ಮಾತು. ಒಂದು ತಾರೀಕು ಗೊತ್ತಿದ್ದರೆ ಆ ಹುಡುಗಿ ಬೆಳಗಿನ ಪಾಠ ಬಿಟ್ಟು ಪೂರ್ತಿ ಲ್ಯಾಬ್‌ನಲ್ಲಿ ಇರುತ್ತಾಳೆ. ಕೆಸ್ಟೆಪ್ಸ್ ಅರ್ಜಿಗೆ ಕಾಗದ ಜೋಡಿಸಲು ಇವತ್ತೇ ಹೇಳಿದ್ದೇನೆ.

ಲೆಕ್ಕಪತ್ರ ಅವರನ್ನು ಇನ್ನೊಂದು ಕೇಳಬೇಕು. ಪ್ರಾಜೆಕ್ಟ್‌ಗಳಲ್ಲಿ ಓವರ್‌ಹೆಡ್ (ಸಂಸ್ಥೆಯ ಪರೋಕ್ಷ ಖರ್ಚಿಗೆ ಕೊಡುವ ಪಾಲು) ಎಂದು ವಿಶ್ವವಿದ್ಯಾಲಯಕ್ಕೆ ಬರುತ್ತದಲ್ಲ, ಅದು ಎಲ್ಲಿಗೆ ಹೋಗುತ್ತದೆ? ಗ್ರಾಂಟ್ ಇಲ್ಲದ ತಿಂಗಳುಗಳಲ್ಲಿ ಕಲ್ಚರ್‌ಗಳನ್ನು ಉಳಿಸಿಕೊಳ್ಳಲು ಅದರಿಂದ ಒಂದು ಸಣ್ಣ ನಿಧಿ ಮಾಡಲು ಬರುವುದಿಲ್ಲವಾ? ನಾನು ಕೇಳುವುದು ಅಗರ್, ಸ್ಪಿರಿಟ್, ರಿಪೇರಿಗೆ ಸಾಕಾಗುವಷ್ಟು.

ಮಿಡ್‌ವೆಸ್ಟ್ ಕನ್ನಡಿಗ

ಓವರ್‌ಹೆಡ್ ಮಾತು ಬಂದದ್ದಕ್ಕೆ ಬರೆಯುತ್ತಿದ್ದೇನೆ. ನಾನು ಓದಿದ್ದು ಕರ್ನಾಟಕದ ರಾಜ್ಯ ವಿಶ್ವವಿದ್ಯಾಲಯದಲ್ಲಿ. ಈಗ ಅಮೆರಿಕದ ಒಂದು ಪಬ್ಲಿಕ್ ಯೂನಿವರ್ಸಿಟಿಯಲ್ಲಿ ಗ್ರಾಂಟ್ ಆಫೀಸಿನಲ್ಲಿದ್ದೇನೆ. ಇಲ್ಲಿ ಸಾಮಾನ್ಯವಾಗಿ ಯೂನಿವರ್ಸಿಟಿಗಳು ಕೇಂದ್ರ ಸರ್ಕಾರದ ಜೊತೆ ಕೂತು ಓವರ್‌ಹೆಡ್‌ಗೆ ಒಂದು ದರ ಒಪ್ಪಿಕೊಳ್ಳುತ್ತವೆ. ದೊಡ್ಡ ಸಂಸ್ಥೆಗಳಲ್ಲಿ ಅದು ಶೇ 50 ದಾಟುವುದೂ ಉಂಟು. ಕರೆಂಟು, ಕಟ್ಟಡ, ತ್ಯಾಜ್ಯ ವಿಲೇವಾರಿ, ನನ್ನಂಥವರ ಸಂಬಳ ಎಲ್ಲ ಅದರಿಂದಲೇ. 2025ರ ಫೆಬ್ರವರಿಯಲ್ಲಿ ಎನ್‌ಐಎಚ್ (ಇಲ್ಲಿನ ಕೇಂದ್ರ ಸರ್ಕಾರದ ಆರೋಗ್ಯ ಸಂಶೋಧನಾ ಸಂಸ್ಥೆ) ಗ್ರಾಂಟ್‌ಗಳಿಗೆ ಅದನ್ನು ಶೇ 15ಕ್ಕೆ ಇಳಿಸುತ್ತೇವೆ ಎಂದಾಗ ಇಲ್ಲಿ ದೊಡ್ಡ ಗಲಾಟೆಯಾಯಿತು, ವಿಶ್ವವಿದ್ಯಾಲಯಗಳು, ರಾಜ್ಯಗಳು ಕೋರ್ಟಿಗೆ ಹೋಗಿ ತಡೆ ತಂದವು. ಓವರ್‌ಹೆಡ್ ಅಂದರೆ ದಂಡ ಅಂತ ಭಾವಿಸುವ ಪ್ರಾಧ್ಯಾಪಕರು ಇಲ್ಲೂ ಇದ್ದಾರೆ. ಆದರೆ ಲ್ಯಾಬ್ ಓಡುವುದು ಅದರಿಂದಲೇ. ಎಷ್ಟೋ ಕಡೆ ಅದರ ಒಂದು ಪಾಲು ವಿಭಾಗಕ್ಕೆ ವಾಪಸ್ ಬರುತ್ತದೆ, ಗ್ರಾಂಟ್ ನಡುವಿನ ತಿಂಗಳುಗಳಿಗೆ ಅದೇ ಆಸರೆ. ನೀವು ಕೇಳುತ್ತಿರುವುದು ನ್ಯಾಯವಾದದ್ದೇ.

ನನ್ನಂಥ ಹಳೆಯ ವಿದ್ಯಾರ್ಥಿಗಳು ಇಲ್ಲಿ ತುಂಬ ಜನ ಇದ್ದೇವೆ. ಕೊಡಲು ಮನಸ್ಸಿದೆ. ಆದರೆ ವಿಶ್ವವಿದ್ಯಾಲಯದ ವೆಬ್‌ಸೈಟ್‌ನಲ್ಲಿ "ಇಂಥ ಲ್ಯಾಬಿನ ಇಂಥ ಕೆಲಸಕ್ಕೆ" ಎಂದು ಕೊಡುವ ದಾರಿಯೇ ಕಾಣುವುದಿಲ್ಲ. ಕೊಡುವುದು ಹೇಗೆ?

ಲೆಕ್ಕಪತ್ರ

ಇಬ್ಬರಿಗೂ ಒಟ್ಟಿಗೆ ಉತ್ತರ. ನಮ್ಮಲ್ಲಿ ಓವರ್‌ಹೆಡ್ ಸಾಮಾನ್ಯ ಖಾತೆಗೆ ಸೇರಿ ಕರೆಂಟು ಬಿಲ್ಲಿಗೋ ಹೊರಗುತ್ತಿಗೆ ಸಂಬಳಕ್ಕೋ ಹೋಗುತ್ತದೆ. ಅದರಲ್ಲಿ ಇಷ್ಟು ಪಾಲು ವಿಭಾಗಕ್ಕೆ ಎಂದು ಸಿಂಡಿಕೇಟ್ ನಿರ್ಣಯ ಮಾಡಿದರೆ ಅಡ್ಡಿಯಿಲ್ಲ. ಒಬ್ಬರು ಕೇಳಿದರೆ ಆಗುವುದಿಲ್ಲ, ವಿಜ್ಞಾನದ ಎಲ್ಲ ವಿಭಾಗದ ಮುಖ್ಯಸ್ಥರು ಸಹಿ ಮಾಡಿ ಒಂದು ಟಿಪ್ಪಣಿ ಕೊಡಿ. ಅದರಲ್ಲಿ ಮೂರು ವರ್ಷದಲ್ಲಿ ಯಾವ ಪ್ರಾಜೆಕ್ಟ್‌ನಿಂದ ಎಷ್ಟು ಓವರ್‌ಹೆಡ್ ಬಂದಿದೆ ಎಂದು ಅಂಕಿ ಹಾಕಿ. ಅಂಕಿ ನಮ್ಮ ಸೆಕ್ಷನ್‌ನಲ್ಲಿ ಸಿಗುತ್ತದೆ, ಕೇಳಿದರೆ ಕೊಡುತ್ತೇವೆ.

ವಿದೇಶದಲ್ಲಿರುವವರ ವಿಷಯ: ಭಾರತದ ಪಾಸ್‌ಪೋರ್ಟ್ ಇರುವವರು ತಮ್ಮ ಸ್ವಂತ ಉಳಿತಾಯದಿಂದ ಬ್ಯಾಂಕ್ ಮೂಲಕ ಕೊಟ್ಟರೆ ಅದು ವಿದೇಶಿ ದೇಣಿಗೆ ಅಲ್ಲ. ಬೇರೆ ದೇಶದ ಪೌರತ್ವ ಪಡೆದವರು ಕೊಟ್ಟರೆ, ಭಾರತೀಯ ಮೂಲದವರಿಗೆ ಕೊಡುವ ಓಸಿಐ ಕಾರ್ಡ್ ಇದ್ದರೂ, ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ಲೆಕ್ಕಕ್ಕೆ ಬರುತ್ತದೆ. ಕೊಡುವ ಮೊದಲು ಆ ವಿಶ್ವವಿದ್ಯಾಲಯಕ್ಕೆ ನೋಂದಣಿ ಅಥವಾ ವಿನಾಯಿತಿ ಇದೆಯಾ ಎಂದು ಹಣಕಾಸು ಅಧಿಕಾರಿಗೆ ಇಮೇಲ್ ಹಾಕಿ ಲಿಖಿತವಾಗಿ ಕೇಳಿ. ಯಾವ ಲ್ಯಾಬಿಗೆ, ಯಾವ ಕೆಲಸಕ್ಕೆ ಎಂದು ಪತ್ರದಲ್ಲಿ ಬರೆದರೆ ಆ ದುಡ್ಡನ್ನು ಬೇರೆಯದಕ್ಕೆ ಬಳಸಲು ಬರುವುದಿಲ್ಲ.

ಎಲೆಚುಕ್ಕಿ

ಟಿಪ್ಪಣಿ ಬರೆಯಲು ಶುರು ಮಾಡಿದ್ದೇನೆ. ರಸಾಯನಶಾಸ್ತ್ರ ಮತ್ತು ಪ್ರಾಣಿಶಾಸ್ತ್ರದ ಮುಖ್ಯಸ್ಥರು ಸಹಿ ಹಾಕುತ್ತೇನೆ ಎಂದಿದ್ದಾರೆ. ಸಂಘದವರ ಜೊತೆ ಸೋಮವಾರ ಮಾತುಕತೆ ಇದೆ. ಫಲಿತಾಂಶ ಸಂಘಕ್ಕೆ ಮೊದಲು ತಿಳಿಸುತ್ತೇವೆ, ಆದರೆ ಪ್ರಕಟಿಸುವ ಹಕ್ಕು ನಮ್ಮದು, ಕಲ್ಚರ್‌ಗಳು ವಿಶ್ವವಿದ್ಯಾಲಯದಲ್ಲೇ ಇರಬೇಕು, ಈ ಮೂರನ್ನು ಒಪ್ಪಂದದಲ್ಲಿ ಹಾಕಬೇಕೆಂದಿದ್ದೇನೆ. ಇಂಥ ಒಪ್ಪಂದ ಮಾಡಿಕೊಂಡವರು ಯಾರಾದರೂ ಇದ್ದರೆ, ಹೆಸರುಗಳನ್ನು ತೆಗೆದು ಕರಡು ಇಲ್ಲಿ ಹಾಕುತ್ತೀರಾ? ಸೋಮವಾರದೊಳಗೆ ಸಿಕ್ಕರೆ ಉಪಕಾರವಾಗುತ್ತದೆ.